ದುಡ್ಡು ಗಾಜಿಗೋ, ಟರೆಟ್ಟಿಗೋ? ಮಧ್ಯಮ ಬೆಲೆಯ ರೈಫಲ್ ಸ್ಕೋಪ್‌ಗಳನ್ನು ಹೋಲಿಸುವ ಬಗೆ

ಮೇಜಿನ ಮೇಲೆ ಎರಡು ಸ್ಕೋಪ್ ಇವೆ ಅಂದುಕೊಳ್ಳಿ. ಬೆಲೆ ಹೆಚ್ಚೂಕಡಿಮೆ ಒಂದೇ. ಮೊದಲನೆಯದು ಸಪೂರವಾಗಿದೆ, ಕೈಯಲ್ಲಿ ಹಿಡಿದರೆ ಭಾರವೇ ಅನ್ನಿಸುವುದಿಲ್ಲ. ಮೈಮೇಲೆ 3-9×40 ಎಂದಿದೆ. ಎರಡನೆಯದು ಅದರ ಎರಡರಷ್ಟು ತೂಕ. ಮೇಲೊಂದು, ಪಕ್ಕದಲ್ಲೊಂದು ದಪ್ಪ ಟರೆಟ್, ಅಂದರೆ ಗುರಿಯ ಗೆರೆಯನ್ನು ಸರಿಸುವ ಗುಂಡಿ. ಅವುಗಳ ಸುತ್ತ ಸಣ್ಣ ಸಣ್ಣ ಅಂಕಿಗಳು. ಕಣ್ಣಿಟ್ಟು ನೋಡಿದರೆ ಒಳಗೆ ಗುರಿ ಹಿಡಿಯುವ ಗೆರೆ, ಚುಕ್ಕಿಗಳ ದೊಡ್ಡ ಜಾಲ. ಅದಕ್ಕೆ ರೆಟಿಕಲ್ ಎನ್ನುತ್ತಾರೆ. ಮೈಮೇಲೆ 6-24×50. ಅಂಕಿ ದೊಡ್ಡದು, ತಿರುಗಿಸಲು ಗುಂಡಿಗಳು ಜಾಸ್ತಿ, ಬೆಲೆ ಮಾತ್ರ ಅಷ್ಟೇ. ಹಾಗಾದರೆ ಎರಡನೆಯದೇ ಲಾಭದ ವ್ಯಾಪಾರ, ಅಲ್ವಾ?

ಅಲ್ಲ. ತಯಾರಕರ ಕೈಯಲ್ಲಿದ್ದ ದುಡ್ಡು ಎರಡಕ್ಕೂ ಒಂದೇ. ಮೊದಲ ಸ್ಕೋಪಿನಲ್ಲಿ ಅದರ ಬಹುಪಾಲು ಗಾಜಿಗೆ, ಗಾಜಿನ ಮೇಲಿನ ಲೇಪಕ್ಕೆ, ಬಂದೂಕಿನ ಒದೆತ ತಡೆಯುವ ಗಟ್ಟಿತನಕ್ಕೆ ಹೋಗಿದೆ. ಎರಡನೆಯದರಲ್ಲಿ ಅದೇ ದುಡ್ಡು ಟರೆಟ್, ಪ್ಯಾರಲಾಕ್ಸ್ ಗುಂಡಿ, ಕೆತ್ತಿದ ರೆಟಿಕಲ್, ದೊಡ್ಡ ಝೂಮ್ ಎಂದು ಹಂಚಿಹೋಗಿದೆ. ಅಲ್ಲಿ ಗಾಜಿನ ಪಾಲಿಗೆ ಉಳಿದದ್ದು ಕಡಿಮೆ.

ಅಗ್ಗದ ಸ್ಕೋಪಿನಲ್ಲಿ ಗಾಜೂ ಸಾಧಾರಣ, ಯಂತ್ರವೂ ಸಾಧಾರಣ. ತೀರಾ ದುಬಾರಿಯದರಲ್ಲಿ ಎರಡೂ ಚೆನ್ನಾಗಿರುತ್ತವೆ. ಮಧ್ಯಮ ಬೆಲೆಯಲ್ಲಿ ಮಾತ್ರ ಒಂದನ್ನು ಹಿಡಿದು ಇನ್ನೊಂದನ್ನು ಬಿಡಬೇಕಾಗುತ್ತದೆ. ಅದಕ್ಕೇ ಇಲ್ಲಿ ‘ಯಾವುದು ಒಳ್ಳೆಯದು’ ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ‘ಇದರಲ್ಲಿ ದುಡ್ಡು ಎಲ್ಲಿಗೆ ಹೋಗಿದೆ, ನನಗೆ ಬೇಕಾದದ್ದು ಅಲ್ಲಿದೆಯಾ’ ಎಂದು ಕೇಳಬೇಕು. ಕಾನೂನು ಒಪ್ಪುವ ಕಡೆ ಬೇಟೆಗೆ ಹೋಗುವವರಿಗೆ ಒಂದು ಉತ್ತರ, ಗುರಿಹಲಗೆಗೆ ಹೊಡೆಯುವವರಿಗೆ ಇನ್ನೊಂದು.

ಮೈಮೇಲಿನ ಅಂಕಿ ಹೇಳುವುದೇನು

3-9×40 ಅಂದರೆ ವಸ್ತುವನ್ನು 3ರಿಂದ 9 ಪಟ್ಟು ಹತ್ತಿರ ಮಾಡಿ ತೋರಿಸುತ್ತದೆ, ಮುಂದಿನ ಮಸೂರದ ಅಗಲ 40 ಮಿಲಿಮೀಟರ್. ಇಷ್ಟು ಎಲ್ಲರಿಗೂ ಗೊತ್ತು. ಈ ಎರಡು ಅಂಕಿಗಳನ್ನು ಭಾಗಿಸಿದರೆ ಸಿಗುವ ಮೂರನೆಯ ಅಂಕಿಯನ್ನು ಹೆಚ್ಚಿನವರು ನೋಡುವುದೇ ಇಲ್ಲ.

40ನ್ನು 9ರಿಂದ ಭಾಗಿಸಿ. 4.4 ಬರುತ್ತದೆ. ಸ್ಕೋಪಿನ ಹಿಂಬದಿಯಿಂದ ನಿಮ್ಮ ಕಣ್ಣಿಗೆ ಬರುವ ಬೆಳಕಿನ ಕಂಬದ ಅಗಲ ಅಷ್ಟು ಮಿಲಿಮೀಟರ್. ಇದಕ್ಕೆ ಎಕ್ಸಿಟ್ ಪ್ಯೂಪಿಲ್ ಎನ್ನುತ್ತಾರೆ. ಸ್ಕೋಪನ್ನು ಒಂದು ಗೇಣು ದೂರ ಹಿಡಿದು ಬೆಳಕಿನ ಕಡೆ ತಿರುಗಿಸಿದರೆ ಹಿಂದಿನ ಗಾಜಿನಲ್ಲಿ ಪುಟ್ಟ ಬೆಳಕಿನ ಬಿಲ್ಲೆಯೊಂದು ಕಾಣುತ್ತದೆ. ಅದೇ ಅದು.

ನಮ್ಮ ಕಣ್ಣಿನ ಪಾಪೆ ಹಗಲಿನಲ್ಲಿ 2ರಿಂದ 3 ಮಿಲಿಮೀಟರ್‌ನಷ್ಟು ತೆರೆದಿರುತ್ತದೆ. ಕತ್ತಲಲ್ಲಿ ಹರೆಯದವರಿಗೆ 7ರವರೆಗೂ ಹಿಗ್ಗುತ್ತದೆ. ವಯಸ್ಸಾದಂತೆ ಅದು 5ರ ಆಸುಪಾಸಿಗೆ ಇಳಿಯುತ್ತದೆ. ಸ್ಕೋಪಿನ ಬೆಳಕಿನ ಕಂಬ ಪಾಪೆಗಿಂತ ಸಪೂರವಾದರೆ ಚಿತ್ರ ಮಬ್ಬಾಗುತ್ತದೆ. ಪಾಪೆಗಿಂತ ಅಗಲವಾದರೆ ಹೆಚ್ಚಿನ ಬೆಳಕು ಕಣ್ಣಿನೊಳಗೆ ಹೋಗುವುದಿಲ್ಲ, ಸುಮ್ನೆ ಪೋಲು.

ಈಗ ಮೇಜಿನ ಮೇಲಿನ ಎರಡನೆಯ ಸ್ಕೋಪನ್ನು ನೋಡಿ. 24 ಪಟ್ಟಿನಲ್ಲಿ 50ನ್ನು 24ರಿಂದ ಭಾಗಿಸಿದರೆ 2.1. ಮಧ್ಯಾಹ್ನದ ಬಿಸಿಲಲ್ಲಿ ಸಾಕು, ಮುಸ್ಸಂಜೆಯಲ್ಲಿ ಸಾಲದು. ಅದನ್ನೇ 10 ಪಟ್ಟಿಗೆ ಇಳಿಸಿದರೆ 5 ಸಿಗುತ್ತದೆ, ಚಿತ್ರ ಬೆಳಗುತ್ತದೆ. ಆದರೆ ಆಗ 24ರ ದುಡ್ಡು ಕೊಟ್ಟು 10ರ ಕೆಲಸ ಮಾಡಿಸಿದ ಹಾಗಾಯಿತು. ಯುರೋಪಿನಲ್ಲಿ ಕತ್ತಲಾದ ಮೇಲೆ ಕಾಡುಹಂದಿಗೆ ಕಾಯುವ ಬೇಟೆಗಾರರು ಬಹುಕಾಲದಿಂದ 8×56 ಎಂಬ ಸ್ಕೋಪನ್ನು ನೆಚ್ಚಿಕೊಂಡಿದ್ದಾರೆ. ಝೂಮ್ ಇಲ್ಲ, ನೋಡಲು ಹಳೇ ಕಾಲದ್ದು ಅನ್ನಿಸುತ್ತದೆ. ಆದರೆ 56ನ್ನು 8ರಿಂದ ಭಾಗಿಸಿ ನೋಡಿ, ಸರಿಯಾಗಿ 7.

ಗಾಜಿನ ಮೇಲಿನ ಲೇಪ

ಲೇಪವಿಲ್ಲದ ಗಾಜಿನ ಒಂದೊಂದು ಮುಖವೂ ತನ್ನ ಮೇಲೆ ಬಿದ್ದ ಬೆಳಕಿನ ಸುಮಾರು ಶೇ. 4ರಷ್ಟನ್ನು ವಾಪಸ್ ಎಸೆಯುತ್ತದೆ. ಗಾಳಿಗೆ ತೆರೆದ ಹತ್ತು ಮುಖಗಳಿದ್ದರೆ ಕೊನೆಗೆ ಕಣ್ಣು ತಲುಪುವುದು ಮೂರರಲ್ಲಿ ಎರಡು ಪಾಲು ಮಾತ್ರ. ಕಳೆದುಹೋದ ಬೆಳಕೂ ಸುಮ್ಮನಿರುವುದಿಲ್ಲ. ಕೊಳವೆಯೊಳಗೆ ಅತ್ತಿತ್ತ ಪುಟಿದು ಚಿತ್ರದ ಮೇಲೆ ಹಾಲು ಚೆಲ್ಲಿದಂಥ ಮಂಜು ಹರಡುತ್ತದೆ. 1935ರಲ್ಲಿ ಝೈಸ್ ಕಂಪನಿಯ ಅಲೆಕ್ಸಾಂಡರ್ ಸ್ಮಾಕುಲಾ ಗಾಜಿಗೆ ತೆಳುವಾದ ಲೇಪ ಕೊಟ್ಟು ಈ ನಷ್ಟ ತಗ್ಗಿಸುವ ದಾರಿ ಕಂಡುಹಿಡಿದರು. ಈಗಿನ ಹಲವು ಪದರಗಳ ಲೇಪದಿಂದ ಒಂದು ಮುಖದ ನಷ್ಟವನ್ನು ಶೇ. ಅರ್ಧಕ್ಕೆ ಇಳಿಸಬಹುದು. ಆಗ ಅದೇ ಹತ್ತು ಮುಖ ದಾಟಿಯೂ ಶೇ. 95ರಷ್ಟು ಬೆಳಕು ಉಳಿಯುತ್ತದೆ.

ಪೆಟ್ಟಿಗೆಯ ಮೇಲಿನ ಮಾತುಗಳಲ್ಲಿ ಒಂದು ಸಣ್ಣ ಚಾಲಾಕಿತನ ಇದೆ. ‘ಕೋಟೆಡ್’ ಅಂದರೆ ಎಲ್ಲೋ ಒಂದು ಮುಖಕ್ಕೆ ಒಂದು ಪದರ ಬಳಿದಿದ್ದರೂ ಸಾಕು. ‘ಮಲ್ಟಿ ಕೋಟೆಡ್’ ಅಂದರೆ ಕೆಲವು ಮುಖಗಳಿಗೆ ಹಲವು ಪದರ. ‘ಫುಲ್ಲಿ ಮಲ್ಟಿ ಕೋಟೆಡ್’ ಅಂದರೆ ಗಾಳಿಗೆ ತೆರೆದ ಎಲ್ಲ ಮುಖಗಳಿಗೂ ಹಲವು ಪದರ. ಮಧ್ಯಮ ಬೆಲೆ ಕೊಡುವವರು ಕೊನೆಯದಕ್ಕಿಂತ ಕಡಿಮೆಗೆ ಒಪ್ಪಬಾರದು. ‘ಎಚ್‌ಡಿ’ ಎಂಬ ಅಕ್ಷರಗಳಿಗೆ ಅಂಥ ಬೆಲೆ ಕೊಡಬೇಡಿ. ಸ್ಕೋಪ್ ಲೋಕದಲ್ಲಿ ಅದಕ್ಕೆ ಎಲ್ಲರೂ ಒಪ್ಪಿದ ಅಳತೆ ಇಲ್ಲ. ‘ಇಡಿ’ ಗಾಜು ಮಾತ್ರ ಬೇರೆ. ಅದು ಬಣ್ಣ ಬಣ್ಣದ ಅಂಚು ಮೂಡುವುದನ್ನು ಕಡಿಮೆ ಮಾಡುತ್ತದೆ, ಅದರ ಉಪಯೋಗ ದೊಡ್ಡ ಪಟ್ಟುಗಳಲ್ಲಿ ಕಾಣುತ್ತದೆ.

ಇನ್ನೊಂದು ನಂಬಿಕೆಯನ್ನೂ ಇಲ್ಲೇ ಮುಗಿಸಿಬಿಡೋಣ. 30 ಮಿಲಿಮೀಟರ್ ಕೊಳವೆಯಲ್ಲಿ ಒಂದು ಇಂಚಿನ ಕೊಳವೆಗಿಂತ ಹೆಚ್ಚು ಬೆಳಕು ಬರುತ್ತದೆ ಎನ್ನುತ್ತಾರೆ. ಸುಳ್ಳು. ಬೆಳಕನ್ನು ತೀರ್ಮಾನಿಸುವುದು ಮುಂದಿನ ಮಸೂರ, ಪಟ್ಟು ಮತ್ತು ಲೇಪ. ದಪ್ಪ ಕೊಳವೆಯೊಳಗೆ ಟರೆಟ್ ತಿರುಗಿಸಿದಾಗ ಒಳಗಿನ ಮಸೂರಗಳಿಗೆ ಅಲುಗಾಡಲು ಜಾಸ್ತಿ ಜಾಗ ಸಿಗುತ್ತದೆ. ದೂರ ಹೊಡೆಯುವವರಿಗೆ ಅದು ಬೇಕು, ಬೆಳಕಿಗೂ ಅದಕ್ಕೂ ಸಂಬಂಧವಿಲ್ಲ.

ಗಾಜನ್ನು ಹೋಲಿಸುವುದಾದರೆ ಅಂಗಡಿಯ ಟ್ಯೂಬ್‌ಲೈಟ್ ಬೆಳಕಿನಲ್ಲಿ ಹೋಲಿಸಬೇಡಿ. ಅಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತವೆ. ಸಂಜೆ ಹೊರಗೆ ತಂದು, ಎರಡನ್ನೂ ಒಂದೇ ಪಟ್ಟಿಗೆ ಇಟ್ಟು, ಮರದ ನೆರಳಿನೊಳಗಿನ ತೊಗಟೆಯ ಗೆರೆ ಯಾವುದರಲ್ಲಿ ಕೊನೆಯವರೆಗೆ ಕಾಣುತ್ತದೆ ನೋಡಿ. ‘ಒಂದೇ ಪಟ್ಟಿಗೆ’ ಎಂಬುದು ಮುಖ್ಯ. ಒಂದನ್ನು 9ರಲ್ಲಿ, ಇನ್ನೊಂದನ್ನು 16ರಲ್ಲಿ ಇಟ್ಟು ನೋಡಿದರೆ ಅದು ಹೋಲಿಕೆಯೇ ಅಲ್ಲ. ಶೇ. 90ಕ್ಕೂ 93ಕ್ಕೂ ಇರುವ ವ್ಯತ್ಯಾಸ ಕಣ್ಣಿಗೆ ತಿಳಿಯುವುದಿಲ್ಲ. ಸೂರ್ಯನ ದಿಕ್ಕಿಗೆ ಹತ್ತಿರವಾಗಿ ನೋಡಿದಾಗ ಯಾವುದು ಮಂಜಾಗುತ್ತದೆ ಎಂಬುದು ತಕ್ಷಣ ತಿಳಿಯುತ್ತದೆ. (ಸೂರ್ಯನನ್ನೇ ಮಾತ್ರ ಅಪ್ಪಿತಪ್ಪಿಯೂ ಸ್ಕೋಪಿನಲ್ಲಿ ನೋಡಬೇಡಿ. ಕಣ್ಣು ಹೋಗುತ್ತದೆ.)

ಟರೆಟ್ಟಿನ ಲೆಕ್ಕ

ಗುಂಡು ನೇರ ಗೆರೆಯಲ್ಲಿ ಹೋಗುವುದಿಲ್ಲ. ನಳಿಗೆಯಿಂದ ಹೊರಬಿದ್ದ ಕ್ಷಣದಿಂದಲೇ ಕೆಳಗೆ ಬೀಳಲು ಶುರುಮಾಡುತ್ತದೆ. 100 ಗಜಕ್ಕೆ ಝೀರೋ ಮಾಡಿದ, ಅಂದರೆ ಆ ದೂರದಲ್ಲಿ ಗುಂಡು ನಡುಗೆರೆಗೇ ಬೀಳುವಂತೆ ಹೊಂದಿಸಿದ, .308 ವಿಂಚೆಸ್ಟರ್ ರೈಫಲ್ಲಿನಲ್ಲಿ ಸಾಮಾನ್ಯವಾದ 168 ಗ್ರೇನ್ ಗುಂಡು 300 ಗಜದಲ್ಲಿ ಸುಮಾರು 15 ಇಂಚು ಕೆಳಗೆ ಬೀಳುತ್ತದೆ. ಇದನ್ನು ಸರಿದೂಗಿಸಲು ಎರಡು ದಾರಿ ಇವೆ. ರೆಟಿಕಲ್ಲಿನ ಕೆಳಗಿನ ಗೆರೆಯನ್ನು ಗುರಿಗೆ ಹಿಡಿಯಬಹುದು. ಇಲ್ಲವೇ ಟರೆಟ್ ತಿರುಗಿಸಿ ನಡುಗೆರೆಯನ್ನೇ ಗುರಿಗೆ ತರಬಹುದು.

ತಿರುಗಿಸುವ ಅಳತೆ ಕೋನದ್ದು. ಎರಡು ಪದ್ಧತಿಗಳಿವೆ. ಎಂಒಎ ಅಂದರೆ ಒಂದು ಡಿಗ್ರಿಯ ಅರವತ್ತನೇ ಒಂದು ಪಾಲು. ಅದು 100 ಗಜದಲ್ಲಿ 1.047 ಇಂಚು, 100 ಮೀಟರಿನಲ್ಲಿ 2.9 ಸೆಂಟಿಮೀಟರ್. ಮಿಲ್ ಅಂದರೆ ದೂರದ ಸಾವಿರದ ಒಂದು ಪಾಲು. ಅದು 100 ಮೀಟರಿಗೆ 10 ಸೆಂಟಿಮೀಟರ್. ಟರೆಟ್ ತಿರುಗಿಸಿದಾಗ ಟಕ್ ಎನ್ನುವ ಒಂದೊಂದು ಹೆಜ್ಜೆಯೂ ಒಂದು ಕ್ಲಿಕ್. ಸಾಮಾನ್ಯವಾಗಿ ಅದು ಕಾಲು ಎಂಒಎ ಅಥವಾ 0.1 ಮಿಲ್. ಅಂದರೆ 100 ಮೀಟರಿನಲ್ಲಿ ಮೊದಲನೆಯದು ಸುಮಾರು 7 ಮಿಲಿಮೀಟರ್, ಎರಡನೆಯದು 10 ಮಿಲಿಮೀಟರ್. ಯಾವುದು ಮೇಲು ಎಂಬ ಜಗಳ ಮುಗಿಯುವಂಥದ್ದಲ್ಲ. ಮೀಟರಿನಲ್ಲಿ ಯೋಚಿಸುವವರಿಗೆ ಮಿಲ್ ಸಲೀಸು, ಅಷ್ಟೇ. ಆದರೆ ರೆಟಿಕಲ್ ಮಿಲ್‌ನಲ್ಲಿ, ಟರೆಟ್ ಎಂಒಎಯಲ್ಲಿ ಇರುವ ಸ್ಕೋಪ್ ಮಾತ್ರ ಬೇಡ. ಹಳೆಯ ಮಾದರಿಗಳಲ್ಲಿ ಇಂಥವು ಈಗಲೂ ಸಿಗುತ್ತವೆ. ಒಂದು ಮಿಲ್ ಅಂದರೆ 3.44 ಎಂಒಎ. ಒಂದೊಂದು ಹೊಡೆತಕ್ಕೂ ಈ ಗುಣಾಕಾರ ಮಾಡುತ್ತ ಕೂರುವವರು ಯಾರು?

ಟರೆಟ್ಟಿನಲ್ಲಿ ನೋಡಬೇಕಾದ ಗುಣವನ್ನು ಟ್ರ್ಯಾಕಿಂಗ್ ಎನ್ನುತ್ತಾರೆ. 40 ಕ್ಲಿಕ್ ಮೇಲೆ ತಿರುಗಿಸಿದರೆ ನಿಜವಾಗಿ 40 ಕ್ಲಿಕ್ಕಿನಷ್ಟೇ ಏರಬೇಕು. ವಾಪಸ್ ತಿರುಗಿಸಿದರೆ ಹೊರಟಲ್ಲಿಗೇ ಬರಬೇಕು. ಕೇಳಲು ಸುಲಭ. ಆದರೆ ಒಳಗೆ ಕೂದಲೆಳೆಯಷ್ಟು ಸರಿಯುವ ತಿರುಪು, ಅದನ್ನು ಒತ್ತಿಹಿಡಿಯುವ ಸ್ಪ್ರಿಂಗ್, ಗುಂಡು ಹಾರಿದಾಗಲೆಲ್ಲ ಬೀಳುವ ಒದೆತ. ಇವೆಲ್ಲ ಸೇರಿ ವರ್ಷಗಟ್ಟಲೆ ತಪ್ಪದೆ ಕೆಲಸ ಮಾಡಬೇಕು. ಮಧ್ಯಮ ಬೆಲೆಯಲ್ಲಿ ಇದೇ ದುಬಾರಿ ಭಾಗ. ಹೊರಗಿನಿಂದ ನೋಡಿ ಇದನ್ನು ತಿಳಿಯುವುದೂ ಆಗುವುದಿಲ್ಲ. ಟಕ್ ಟಕ್ ಎಂದು ಖುಷಿಕೊಡುವ ಸದ್ದಿಗೂ ಟ್ರ್ಯಾಕಿಂಗಿಗೂ ಏನೇನೂ ಸಂಬಂಧವಿಲ್ಲ!

ಎಸ್‌ಡಬ್ಲ್ಯುಎಫ್‌ಎ ಎಂಬ ಅಮೆರಿಕದ ಸಂಸ್ಥೆಯ 10×42 ಸ್ಕೋಪ್ ದೂರದ ಗುರಿಕಾರರ ನಡುವೆ ಹೆಸರು ಮಾಡಿದ್ದು ಹೀಗೆಯೇ. ಅದರಲ್ಲಿ ಝೂಮ್ ಇಲ್ಲ. ಸದಾ 10 ಪಟ್ಟು. ಝೂಮಿಗೆ ಬೇಕಾದ ಸರಿದಾಡುವ ಮಸೂರಗಳೇ ಇಲ್ಲದ್ದರಿಂದ ಉಳಿದ ದುಡ್ಡು ಟರೆಟ್ಟಿಗೆ ಹೋಗಿದೆ. ನೋಡಲು ಏನೂ ಆಕರ್ಷಣೆ ಇಲ್ಲ, ಆದರೆ ಕ್ಲಿಕ್ ನಂಬಬಹುದು ಎಂಬ ಮಾತು ಅದಕ್ಕಿದೆ.

ರೆಟಿಕಲ್ ಎಲ್ಲಿ ಕೂತಿದೆ

ಎಫ್‌ಎಫ್‌ಪಿ, ಎಸ್‌ಎಫ್‌ಪಿ ಎಂಬ ಎರಡು ಪದಗಳಿಗೆ ಬಹಳ ಜನ ಗಾಬರಿಯಾಗುತ್ತಾರೆ. ವಿಷಯ ಸರಳ. ರೆಟಿಕಲ್ಲಿನ ಗೆರೆಗಳನ್ನು ಝೂಮ್ ಮಾಡುವ ಮಸೂರಗಳ ಮುಂದೆ ಇಡಬಹುದು, ಇಲ್ಲವೇ ಹಿಂದೆ ಇಡಬಹುದು. ಮುಂದೆ ಇಟ್ಟರೆ ಎಫ್‌ಎಫ್‌ಪಿ. ಝೂಮ್ ಹೆಚ್ಚಿಸಿದಾಗ ಚಿತ್ರದ ಜೊತೆಗೆ ಗೆರೆಗಳೂ ದೊಡ್ಡದಾಗುತ್ತವೆ. ಆದ್ದರಿಂದ ರೆಟಿಕಲ್ಲಿನ ಒಂದು ಮಿಲ್ ಯಾವ ಪಟ್ಟಿನಲ್ಲೂ ಒಂದು ಮಿಲ್ಲೇ. ಹಿಂದೆ ಇಟ್ಟರೆ ಎಸ್‌ಎಫ್‌ಪಿ. ಚಿತ್ರ ದೊಡ್ಡದಾದರೂ ಗೆರೆ ಹಾಗೆಯೇ ಇರುತ್ತದೆ. ಅದರ ಅಳತೆ ಒಂದೇ ಒಂದು ಪಟ್ಟಿನಲ್ಲಿ, ಹೆಚ್ಚಾಗಿ ಕೊನೆಯ ಪಟ್ಟಿನಲ್ಲಿ, ಸರಿಯಿರುತ್ತದೆ. 24ರಲ್ಲಿ ಸರಿಯಿರುವ ಎರಡು ಮಿಲ್ ಗೆರೆ 12ಕ್ಕೆ ಇಳಿಸಿದಾಗ ನಾಲ್ಕು ಮಿಲ್ ಆಗಿಬಿಡುತ್ತದೆ. ಇದನ್ನು ಮರೆತು ಗುರಿ ತಪ್ಪಿಸಿಕೊಂಡವರು ಲೆಕ್ಕವಿಲ್ಲದಷ್ಟು.

ಹಾಗಂತ ಎಫ್‌ಎಫ್‌ಪಿ ಯಾವಾಗಲೂ ಮೇಲು ಎಂದಲ್ಲ. ಕಡಿಮೆ ಪಟ್ಟಿನಲ್ಲಿ ಅದರ ಗೆರೆಗಳು ಜೇಡರ ಬಲೆಯಷ್ಟು ತೆಳುವಾಗುತ್ತವೆ. ಮುಸ್ಸಂಜೆಯಲ್ಲಿ, ಪೊದೆಯ ಮುಂದೆ, 4 ಅಥವಾ 6 ಪಟ್ಟಿನಲ್ಲಿ ರೆಟಿಕಲ್ಲೇ ಕಾಣುವುದಿಲ್ಲ. ಬೇಟೆಗಾರ ಗುಂಡು ಹೊಡೆಯುವುದು ಹೆಚ್ಚಾಗಿ ಅಂಥ ಹೊತ್ತಿನಲ್ಲೇ. ಅವನಿಗೆ ಎಸ್‌ಎಫ್‌ಪಿಯ ಸಾದಾ ಡ್ಯೂಪ್ಲೆಕ್ಸ್ ಸಾಕು. ಹೊರಗೆ ದಪ್ಪ, ನಡುವೆ ಸಪೂರವಾಗುವ ನಾಲ್ಕು ಗೆರೆ. ಲ್ಯೂಪೋಲ್ಡ್ ಕಂಪನಿ ಇದನ್ನು 1962ರಲ್ಲಿ ತಂದಿತು. ಇವತ್ತಿಗೂ ಇದಕ್ಕಿಂತ ಬೇಗ ಕಣ್ಣನ್ನು ನಡುವಿಗೆ ಎಳೆಯುವ ರೆಟಿಕಲ್ ನಾನು ಕಂಡಿಲ್ಲ. ನಡುವೆ ಒಂದು ಕೆಂಪು ಬೆಳಕಿನ ಚುಕ್ಕಿ ಇದ್ದರೆ ಇನ್ನೂ ಒಳ್ಳೆಯದು. ಅದು ಮಂದವಾಗಿ ಉರಿಯುವಂತಿರಬೇಕು. ಜಾಸ್ತಿ ಉರಿದರೆ ಕಣ್ಣು ಕುಕ್ಕಿ ಪ್ರಾಣಿಯೇ ಕಾಣಿಸದು.

ಪ್ಯಾರಲಾಕ್ಸ್ ವಿಷಯ ಇದಕ್ಕಿಂತ ಸಣ್ಣದು, ಆದರೆ ಅದರ ಸುತ್ತ ಗೊಂದಲ ಜಾಸ್ತಿ. ಸ್ಕೋಪಿನ ಹಿಂದೆ ತಲೆಯನ್ನು ಸ್ವಲ್ಪ ಅಲುಗಿಸಿದಾಗ ರೆಟಿಕಲ್ ಗುರಿಯ ಮೇಲೆ ಜಾರಿದಂತೆ ಕಂಡರೆ ಅದೇ ಪ್ಯಾರಲಾಕ್ಸ್. ಗುರಿಯ ಚಿತ್ರವೂ ರೆಟಿಕಲ್ಲೂ ಒಂದೇ ಮಟ್ಟದಲ್ಲಿ ಕೂತಿಲ್ಲ ಎಂದು ಅದರ ಅರ್ಥ. ಬೇಟೆಯ ಸ್ಕೋಪ್‌ಗಳಲ್ಲಿ ಇದನ್ನು ಕಾರ್ಖಾನೆಯಲ್ಲೇ ಒಂದು ದೂರಕ್ಕೆ, ಸಾಮಾನ್ಯವಾಗಿ 100 ಗಜಕ್ಕೆ, ಕೂರಿಸಿರುತ್ತಾರೆ. ಹಾಗೆ ಕೂರಿಸಿದ 40 ಮಿಲಿಮೀಟರ್ ಸ್ಕೋಪಿನಲ್ಲಿ 200 ಗಜದ ಗುರಿಗೆ ಅತಿ ಹೆಚ್ಚೆಂದರೆ ಸುಮಾರು 20 ಮಿಲಿಮೀಟರ್ ತಪ್ಪಾಗಬಹುದು, 300 ಗಜಕ್ಕೆ ಸುಮಾರು 40. ಅದೂ ಕಣ್ಣು ಪೂರ್ತಿ ಅಂಚಿಗೆ ಸರಿದಿದ್ದರೆ ಮಾತ್ರ. ಕಣ್ಣು ಸರಿಯಾಗಿ ನಡುವೆ ಇದ್ದರೆ ತಪ್ಪೇ ಇಲ್ಲ.

ಜಿಂಕೆಯ ಎದೆಗೂಡಿನಲ್ಲಿ ಗುಂಡು ಬೀಳಬೇಕಾದ ಜಾಗ ಸುಮಾರು 20 ಸೆಂಟಿಮೀಟರ್. ಅಲ್ಲಿ ಎರಡು ಸೆಂಟಿಮೀಟರ್ ತಪ್ಪು ನಡೆಯುತ್ತದೆ. ಗುರಿಹಲಗೆಯಲ್ಲಿ ಐದು ಗುಂಡಿನ ಗುಂಪೇ ಎರಡು ಸೆಂಟಿಮೀಟರ್ ಒಳಗೆ ಇರಬೇಕಾದಾಗ ನಡೆಯುವುದಿಲ್ಲ. ಅದಕ್ಕೇ ಗುರಿಕಾರರಿಗೆ ಪಕ್ಕದ ಪ್ಯಾರಲಾಕ್ಸ್ ಗುಂಡಿ ಬೇಕೇ ಬೇಕು. ಬೇಟೆಗಾರನಿಗೆ ಅದು ತಿರುಗಿಸಲು ಮರೆತುಹೋಗುವ ಇನ್ನೊಂದು ಗುಂಡಿ.

ಬೇಟೆಯ ದಾರಿ, ಹಲಗೆಯ ದಾರಿ

ಬೇಟೆಗಾರ ಸ್ಕೋಪನ್ನು ಹೊತ್ತು ನಡೆಯುತ್ತಾನೆ. ದಿನವಿಡೀ ಬೆಟ್ಟ ಹತ್ತಿ, ಕೊನೆಗೆ ಐದೇ ಸೆಕೆಂಡು ಅದರೊಳಗೆ ನೋಡುತ್ತಾನೆ. ಆದ್ದರಿಂದ ಅವನಿಗೆ ತೂಕ ಬಹಳ ಮುಖ್ಯ. ಎರಡನೆಯದು ನೋಟದ ಅಗಲ. 3 ಪಟ್ಟಿನಲ್ಲಿ 100 ಮೀಟರಿಗೆ ಹತ್ತು ಹನ್ನೊಂದು ಮೀಟರ್ ಅಗಲದ ಜಾಗ ಕಾಣುತ್ತದೆ. 9ರಲ್ಲಿ ನಾಲ್ಕು ಮೀಟರ್ ಚಿಲ್ಲರೆ. ಹತ್ತಿರದಲ್ಲಿ ಓಡುವ ಪ್ರಾಣಿಯನ್ನು 6 ಪಟ್ಟಿನಿಂದ ಕೆಳಗಿಳಿಯದ ಸ್ಕೋಪಿನಲ್ಲಿ ಹುಡುಕುವುದು ಬಲು ಕಷ್ಟ. ಹೊಸಬರು ಯಾವಾಗಲೂ ದೊಡ್ಡ ಅಂಕಿಯನ್ನು ನೋಡುತ್ತಾರೆ. ಬೇಟೆಗೆ ಚಿಕ್ಕ ಅಂಕಿಯೇ ಹೆಚ್ಚು ಮುಖ್ಯ.

ಮೂರನೆಯದು ಐ ರಿಲೀಫ್, ಅಂದರೆ ಪೂರ್ತಿ ಚಿತ್ರ ಕಾಣಲು ಹಿಂದಿನ ಗಾಜಿಗೂ ಕಣ್ಣಿಗೂ ಇರಬೇಕಾದ ದೂರ. 9ರಿಂದ 10 ಸೆಂಟಿಮೀಟರ್ ಇದ್ದರೆ ನಿಶ್ಚಿಂತೆ. ಜೋರು ಒದೆತದ ರೈಫಲ್ಲಿನಲ್ಲಿ ಇದಕ್ಕಿಂತ ಕಡಿಮೆಯಾದರೆ ಸ್ಕೋಪಿನ ಅಂಚು ಹುಬ್ಬಿನ ಮೇಲೆ ಅರ್ಧಚಂದ್ರ ಬರೆಯುತ್ತದೆ. ಆ ಗುರುತು ಹೊತ್ತ ಹಣೆಗಳು ಶೂಟಿಂಗ್ ರೇಂಜುಗಳಲ್ಲಿ ಬೇಕಾದಷ್ಟು ಸಿಗುತ್ತವೆ. ಝೂಮ್ ಏರಿಸಿದಂತೆ ಈ ದೂರ ಕುಗ್ಗುವ ಮಾದರಿಗಳೂ ಇವೆ. ಕೊನೆಯ ಪಟ್ಟಿನಲ್ಲಿ ಎಷ್ಟು ಎಂಬುದನ್ನು ಕೇಳಿ ತಿಳಿಯಿರಿ.

ಟರೆಟ್ಟಿಗೆ ಮುಚ್ಚಳ ಇರಲಿ. ತೆರೆದ ಟರೆಟ್ ಚೀಲಕ್ಕೋ ಕೊಂಬೆಗೋ ತಾಗಿ ತನ್ನಷ್ಟಕ್ಕೆ ತಿರುಗಿಬಿಡುತ್ತದೆ. ಬೇಟೆಗಾರ ಅದನ್ನು ದಿನಾ ತಿರುಗಿಸಬೇಕಾಗಿಯೂ ಇಲ್ಲ. ಮೇಲೆ ಹೇಳಿದ ಅದೇ ರೈಫಲ್ಲನ್ನು 200 ಗಜಕ್ಕೆ ಝೀರೋ ಮಾಡಿದರೆ 100 ಗಜದಲ್ಲಿ ಗುಂಡು ಎರಡು ಇಂಚಿನಷ್ಟು ಮೇಲೆ, 250ರಲ್ಲಿ ನಾಲ್ಕು ಇಂಚಿನಷ್ಟು ಕೆಳಗೆ. ಅಷ್ಟು ದೂರದವರೆಗೆ ನಡುಗೆರೆಯನ್ನು ಎದೆಗೇ ಹಿಡಿದರೆ ಸಾಕು. ಬಹುಪಾಲು ಬೇಟೆಯ ಹೊಡೆತಗಳು ಇಷ್ಟರೊಳಗೇ ಮುಗಿಯುತ್ತವೆ.

ಹಲಗೆಯ ಕಡೆ ಬಂದರೆ, ಮೊದಲು ಯಾವ ಹಲಗೆ ಎಂದು ಕೇಳಬೇಕು. ಒಲಿಂಪಿಕ್ಸಿನಲ್ಲಿ ನೋಡುವ 10 ಮೀಟರ್ ಮತ್ತು 50 ಮೀಟರ್ ರೈಫಲ್ ಸ್ಪರ್ಧೆಗಳಲ್ಲಿ ದೂರದರ್ಶಕ ಸ್ಕೋಪಿಗೆ ಅವಕಾಶವೇ ಇಲ್ಲ. ಅಲ್ಲಿ ರಂಧ್ರದ ಮೂಲಕ ಗುರಿ ಹಿಡಿಯುವ ಸೈಟ್ ಮಾತ್ರ. ಸ್ಕೋಪ್ ಬೇಕಾಗುವುದು ಬೆಂಚ್‌ರೆಸ್ಟ್ (ರೈಫಲ್ಲನ್ನು ಮೇಜಿನ ಮೇಲೆ ಊರಿ ಹೊಡೆಯುವುದು), ಎಫ್-ಕ್ಲಾಸ್, ಪಿಆರ್‌ಎಸ್‌ನಂಥ ಆಟಗಳಿಗೆ.

ಇವುಗಳ ನಡುವೆಯೂ ಅಂತರವಿದೆ. ಎಫ್-ಕ್ಲಾಸ್‌ನಲ್ಲಿ ಮಲಗಿಕೊಂಡು, ಗೊತ್ತಿರುವ ಒಂದೇ ದೂರಕ್ಕೆ, ಕೆಲವೊಮ್ಮೆ 1000 ಗಜಕ್ಕೆ ಹೊಡೆಯುತ್ತಾರೆ. ಹತ್ತು ಅಂಕದ ವೃತ್ತದ ಅಗಲ ಒಂದು ಎಂಒಎ ಮಾತ್ರ. ಅಲ್ಲಿ ಎಸ್‌ಎಫ್‌ಪಿಯೇ ವಾಸಿ. ಗೆರೆ ಸಪೂರವಾಗಿಯೇ ಉಳಿದು ವೃತ್ತವನ್ನು ಮುಚ್ಚುವುದಿಲ್ಲ. ಪಟ್ಟು 30, 40 ಇದ್ದರೂ ಉಪಯೋಗಕ್ಕೆ ಬರುತ್ತದೆ, ಕ್ಲಿಕ್ ಎಂಟನೇ ಒಂದು ಎಂಒಎ ಇದ್ದರೆ ಇನ್ನೂ ಒಳ್ಳೆಯದು. ಪಿಆರ್‌ಎಸ್ ಬೇರೆಯೇ ಕತೆ. ಗಡಿಯಾರ ಓಡುತ್ತಿರುತ್ತದೆ, ಗುರಿಗಳು ಬೇರೆಬೇರೆ ದೂರದಲ್ಲಿರುತ್ತವೆ, ಪ್ರತಿ ಸಲವೂ ಟರೆಟ್ ತಿರುಗಿಸಲು ಪುರುಸೊತ್ತಿರುವುದಿಲ್ಲ. ಅಲ್ಲಿ ಎಫ್‌ಎಫ್‌ಪಿ, ಮಿಲ್, ಅಳತೆ ಗೆರೆಗಳ ರೆಟಿಕಲ್ ಬೇಕು. 25 ಪಟ್ಟಿನ ಸ್ಕೋಪ್ ಇದ್ದರೂ ಬಹಳ ಮಂದಿ ಅದನ್ನು ಹದಿನೈದರ ಆಸುಪಾಸಿನಲ್ಲೇ ಇಡುತ್ತಾರೆ. ಬಿಸಿಲೇರಿದ ಮೇಲೆ ನೆಲದ ಕಾವಿನಿಂದ ಗಾಳಿ ನೀರಿನಂತೆ ಅಲುಗುತ್ತದೆ. ಪಟ್ಟು ಏರಿಸಿದಷ್ಟೂ ಆ ಅಲುಗಾಟವೇ ದೊಡ್ಡದಾಗಿ ಕಾಣುತ್ತದೆ.

ಯಾರು ಎಲ್ಲಿ ಹಾಕಿದ್ದಾರೆ

ಈಗ ಹೆಸರು ಹಿಡಿದು ನೋಡಬಹುದು. ಅಮೆರಿಕದ ಆರೆಗಾನ್‌ನಲ್ಲಿರುವ ಲ್ಯೂಪೋಲ್ಡ್ 1907ರಿಂದ ಇದೆ. ಅದರ ವಿಎಕ್ಸ್-ಫ್ರೀಡಂ 3-9×40 ಒಂದು ಇಂಚಿನ ಕೊಳವೆಯದು, ತೂಕ ಸುಮಾರು 350 ಗ್ರಾಂ. ಹಗುರ, ಉದಾರವಾದ ಐ ರಿಲೀಫ್, ಒದೆತಕ್ಕೆ ಜಗ್ಗದ ಮೈ. ದುಡ್ಡು ಅಲ್ಲಿಗೆ ಹೋಗಿದೆ. ಸಾದಾ ಮಾದರಿಯಲ್ಲಿ ಪ್ಯಾರಲಾಕ್ಸ್ ಗುಂಡಿ, ಅಳತೆ ಗೆರೆ ಏನೂ ಇಲ್ಲ. ವೋರ್ಟೆಕ್ಸ್ ಕಂಪನಿಯ ಡೈಮಂಡ್‌ಬ್ಯಾಕ್ ಟ್ಯಾಕ್ಟಿಕಲ್ 6-24×50 ಇದಕ್ಕೆ ತದ್ವಿರುದ್ಧ. 30 ಮಿಲಿಮೀಟರ್ ಕೊಳವೆ, ಸುಮಾರು 700 ಗ್ರಾಂ, ಎಫ್‌ಎಫ್‌ಪಿ, ತೆರೆದ ಟರೆಟ್, ಪಕ್ಕದ ಗುಂಡಿ. ಲೇಖನದ ಶುರುವಿನಲ್ಲಿ ಮೇಜಿನ ಮೇಲೆ ಇಟ್ಟದ್ದು ಹೆಚ್ಚೂಕಡಿಮೆ ಈ ಜೋಡಿಯನ್ನೇ. 18ರ ಮೇಲಕ್ಕೆ ಹೋದಂತೆ ಎರಡನೆಯದರ ಚಿತ್ರ ಮಂಕಾಗುತ್ತದೆ. ಆ ಬೆಲೆಗೆ ಅಷ್ಟು ಯಂತ್ರ ಕೊಟ್ಟ ಮೇಲೆ ಗಾಜನ್ನೂ ಅದೇ ಮಟ್ಟದಲ್ಲಿ ಕೊಡು ಅಂದರೆ ಆಗುತ್ತಾ?

ವೋರ್ಟೆಕ್ಸಿನದೇ ವೈಪರ್ ಪಿಎಸ್‌ಟಿ ಎರಡನೇ ಪೀಳಿಗೆಯ 5-25×50 ಒಂದು ಮೆಟ್ಟಿಲು ಮೇಲೆ. ಯಂತ್ರ ಗಟ್ಟಿ, ಟರೆಟ್ಟನ್ನು ಕತ್ತಲಲ್ಲೂ ತಡಕಾಡದೆ ಝೀರೋಗೆ ತರಲು ಝೀರೋ ಸ್ಟಾಪ್ ಇದೆ. ಆದರೆ ತೂಕ 900 ಗ್ರಾಂ ಮುಟ್ಟುತ್ತದೆ. ಬೆಟ್ಟ ಹತ್ತುವವರಿಗೆ ಇದು ಬೇಡ. ಸೈಟ್ರಾನ್ ಕಂಪನಿಯ ಎಸ್-ತ್ರೀ ಸಾಲಿನ 10-50×60 ಎಫ್-ಕ್ಲಾಸ್, ಬೆಂಚ್‌ರೆಸ್ಟ್ ಮಂದಿಯ ಕೈಯಲ್ಲಿ ಕಾಣುತ್ತದೆ. ಕಡಿಮೆ ಪಟ್ಟೇ 10 ಆದ್ದರಿಂದ ಬೇಟೆಗೆ ಅದು ಲೆಕ್ಕಕ್ಕೇ ಇಲ್ಲ. ಚೆಕ್ ದೇಶದ ಮಿಯೋಪ್ಟಾ 1933ರಿಂದ ಗಾಜಿನ ಕೆಲಸ ಮಾಡಿಕೊಂಡು ಬಂದಿದೆ. ಸಂಜೆಯ ಬೆಳಕನ್ನು ಮುಖ್ಯ ಮಾಡುವವರು ನೋಡಬೇಕಾದ ಹೆಸರು. ಬರ್ರಿಸ್ ಕಂಪನಿಯ ಫುಲ್‌ಫೀಲ್ಡ್ ಸಾಲೂ ಬೇಟೆಯ ಕಡೆಯದೇ. ನಿಕಾನ್ ಕೆಲ ವರ್ಷಗಳ ಹಿಂದೆ ರೈಫಲ್ ಸ್ಕೋಪ್ ಮಾಡುವುದನ್ನೇ ಬಿಟ್ಟಿತು. ಅದರ ಮೊನಾರ್ಕ್ ಸ್ಕೋಪ್‌ಗಳು ಸೆಕೆಂಡ್‌ಹ್ಯಾಂಡ್‌ನಲ್ಲಿ ಓಡಾಡುತ್ತಿವೆ. ಗಾಜು ಚೆನ್ನಾಗಿದೆ, ಆದರೆ ಕೊಳ್ಳುವ ಮುನ್ನ ರಿಪೇರಿಯ ಬಗ್ಗೆ ಯೋಚಿಸಿ.

ವಾರಂಟಿಯೂ ಬೆಲೆಯ ಒಳಗೇ ಸೇರಿರುತ್ತದೆ. ಲ್ಯೂಪೋಲ್ಡ್, ವೋರ್ಟೆಕ್ಸ್ ಎರಡೂ ಜೀವಮಾನದ ವಾರಂಟಿಗೆ ಹೆಸರಾದವು. ಮಧ್ಯಮ ಬೆಲೆಯಲ್ಲಿ ಇದನ್ನು ನಾನು ಗಾಜಿನಷ್ಟೇ ಗಂಭೀರವಾಗಿ ನೋಡುತ್ತೇನೆ. ಯಾಕೆಂದರೆ ಇಲ್ಲಿ ಒಂದೇ ಮಾದರಿಯ ಎರಡು ಸ್ಕೋಪ್‌ಗಳ ನಡುವೆಯೇ ವ್ಯತ್ಯಾಸ ಇರಬಹುದು.

ಎರಡಕ್ಕೂ ಒಂದೇ ಸ್ಕೋಪ್ ಸಾಲದೇ ಎಂದು ಕೇಳುವವರಿಗೆ 3-12, 3-15 ಅಥವಾ 4-16ರ ಸಾಲು ಇದೆ. ಝೈಸ್ ಕಾಂಕ್ವೆಸ್ಟ್ ವಿ4 ಸಾಲಿನ 4-16×44 ಇದಕ್ಕೊಂದು ಉದಾಹರಣೆ. 30 ಮಿಲಿಮೀಟರ್ ಕೊಳವೆ, ಎಸ್‌ಎಫ್‌ಪಿ. ಬೆಲೆ ಮಾತ್ರ ಮಧ್ಯಮದ ಮೇಲಿನ ಅಂಚಿನದು. ಹಗಲಿನ ಬೇಟೆ, 500 ಗಜದೊಳಗಿನ ಹಲಗೆ ಎರಡೂ ಇದರಲ್ಲಿ ನಡೆಯುತ್ತವೆ. ಆದರೆ 16 ಪಟ್ಟಿನಲ್ಲಿ ಬೆಳಕಿನ ಕಂಬ 2.75 ಮಿಲಿಮೀಟರ್ ಎಂಬುದನ್ನು ಮರೆಯಬೇಡಿ. ನಾನಾದರೆ ಮುಕ್ಕಾಲು ಪಾಲು ಯಾವ ಕೆಲಸ ಮಾಡುತ್ತೇನೋ ಅದಕ್ಕೆ ಸರಿಯಾದದ್ದನ್ನು ಕೊಳ್ಳುತ್ತೇನೆ, ಉಳಿದ ಕಾಲು ಪಾಲಿನಲ್ಲಿ ಸುಧಾರಿಸಿಕೊಳ್ಳುತ್ತೇನೆ.

ಏರ್ ರೈಫಲ್ ಇರುವವರಿಗೆ ಒಂದು ಮಾತು. ಸ್ಪ್ರಿಂಗ್ ಏರ್ ರೈಫಲ್ಲಿಗೆ ಒದೆತವೇ ಇಲ್ಲ ಎಂದು ನಂಬಿ ಒಳ್ಳೆಯ ಸ್ಕೋಪ್ ಕೂರಿಸಬೇಡಿ. ಅದು ಮೊದಲು ಹಿಂದಕ್ಕೆ, ಮರುಗಳಿಗೆ ಮುಂದಕ್ಕೆ ಒದೆಯುತ್ತದೆ. ಹಿಂದಿನ ಒದೆತಕ್ಕಷ್ಟೇ ಕಟ್ಟಿದ ಸ್ಕೋಪಿನ ಒಳಭಾಗ ಈ ಮುಂದಿನ ಎಳೆತಕ್ಕೆ ಸಡಿಲವಾಗುತ್ತದೆ. ಸ್ಪ್ರಿಂಗ್ ಏರ್ ರೈಫಲ್ಲಿಗೆ ಆಗುತ್ತದೆ ಎಂದು ತಯಾರಕರೇ ಬರೆದಿರುವುದನ್ನು ಮಾತ್ರ ಕೊಳ್ಳಿ.

ತಂದ ಮೇಲೆ

ಸ್ಕೋಪಿಗೆ ಎಲ್ಲ ದುಡ್ಡನ್ನೂ ಸುರಿದು, ಅದನ್ನು ಹಿಡಿದಿಡುವ ರಿಂಗುಗಳನ್ನು ಸಿಕ್ಕಿದ್ದರಲ್ಲಿ ಅಗ್ಗದ್ದು ತರುವುದು ತುಂಬ ಸಾಮಾನ್ಯ. ‘ಈ ಸ್ಕೋಪ್ ಝೀರೋ ಹಿಡಿಯುವುದಿಲ್ಲ’ ಎಂಬ ದೂರಿನ ಹಿಂದೆ ಎಷ್ಟೋ ಸಲ ಇರುವುದು ಸಡಿಲವಾದ ತಿರುಪು. ರಿಂಗಿನ ತಿರುಪುಗಳನ್ನು ಸಾಮಾನ್ಯವಾಗಿ 15ರಿಂದ 18 ಇಂಚ್-ಪೌಂಡ್, ಅಂದರೆ ಎರಡು ನ್ಯೂಟನ್ ಮೀಟರಿನ ಆಸುಪಾಸು, ಬಿಗಿ ಮಾಡುತ್ತಾರೆ. ತಯಾರಕರು ಬೇರೆ ಅಂಕಿ ಕೊಟ್ಟಿದ್ದರೆ ಅದೇ ಸರಿ. ಕೈಯ ಅಂದಾಜು ನಂಬಬೇಡಿ, ಟಾರ್ಕ್ ಡ್ರೈವರ್ ಬಳಸಿ. ಜಾಸ್ತಿ ಬಿಗಿದರೆ ಕೊಳವೆಯೇ ಜಜ್ಜಿಹೋಗಿ ಟರೆಟ್ ತಡವರಿಸುತ್ತದೆ.

ಆಮೇಲೆ ಟ್ರ್ಯಾಕಿಂಗ್ ಪರೀಕ್ಷೆ. ಒಂದು ಉದ್ದ ಹಲಗೆಯ ಮೇಲೆ ತೂಗುಗುಂಡು ಇಳಿಬಿಟ್ಟು ನೆಟ್ಟಗಿನ ಗೆರೆ ಎಳೆಯಿರಿ. ಹಲಗೆಯನ್ನು ರೆಟಿಕಲ್ಲಿನಿಂದ ಸರಿಯಾಗಿ 100 ಮೀಟರ್ ದೂರದಲ್ಲಿ ನಿಲ್ಲಿಸಿ. ಟೇಪು ಹಿಡಿದೇ ಅಳೆಯಿರಿ, ಹೆಜ್ಜೆ ಲೆಕ್ಕ ಬೇಡ. ಗೆರೆಯ ಬುಡದಲ್ಲಿ ಗುರಿ ಗುರುತು ಇಟ್ಟು ಐದು ಗುಂಡು ಹೊಡೆಯಿರಿ. ಟರೆಟ್ಟನ್ನು 10 ಮಿಲ್ ಏರಿಸಿ, ಅದೇ ಗುರುತಿಗೆ ಹಿಡಿದು ಇನ್ನೈದು ಹೊಡೆಯಿರಿ. ಎರಡನೆಯ ಗುಂಪು ಮೊದಲನೆಯದಕ್ಕಿಂತ ಸರಿಯಾಗಿ ಒಂದು ಮೀಟರ್ ಮೇಲೆ, ಗೆರೆಯ ಮೇಲೆಯೇ ಇರಬೇಕು. ಗೆರೆಯಿಂದ ಪಕ್ಕಕ್ಕೆ ಜಾರಿದ್ದರೆ ಸ್ಕೋಪ್ ಓರೆಯಾಗಿ ಕೂತಿದೆ, ರಿಂಗ್ ಸಡಿಲಿಸಿ ಮತ್ತೆ ಕೂರಿಸಿ. ಟರೆಟ್ ಇಳಿಸಿ ಹೊಡೆದ ಮೂರನೆಯ ಗುಂಪು ಮೊದಲನೆಯದರ ಮೇಲೆಯೇ ಬೀಳಬೇಕು.

ಒಂದು ಮೀಟರಿನ ಬದಲು 98 ಸೆಂಟಿಮೀಟರ್ ಬಂದರೆ ಎದೆಗುಂದಬೇಡಿ. ಇನ್ನೊಂದು ದಿನ ಮತ್ತೆ ಹೊಡೆದು ನೋಡಿ. ಆಗಲೂ 98 ಬಂದರೆ, ಗುಂಡಿನ ದಾರಿಯ ಲೆಕ್ಕ ಹಾಕಿಕೊಡುವ ಬ್ಯಾಲಿಸ್ಟಿಕ್ ಆ್ಯಪ್‌ಗಳಲ್ಲಿ ಈ ತಿದ್ದುಪಡಿಗೆಂದೇ ಇರುವ ಜಾಗದಲ್ಲಿ 0.98 ಎಂದು ತುಂಬಿ, ಸ್ಕೋಪನ್ನು ಇಟ್ಟುಕೊಳ್ಳಿ. ಒಂದು ದಿನ 98, ಇನ್ನೊಂದು ದಿನ 101 ಬಂದರೆ ಬಿಲ್ಲು ಹುಡುಕಿ, ಪೆಟ್ಟಿಗೆಗೆ ಹಾಕಿ ವಾಪಸ್ ಕಳಿಸಿ.